ಕೂಗಿಗೆ ಓಗೊಟ್ಟ ದಡ

ಆಷಾಢದ ಮೋಡ ಮುಸುಕಿದ ಬೆಳಗಿನಲ್ಲಿ ಅಳಿವೆ ಬಾಯಿಗೆ ಬೀಸುಬಲೆ ಹೊತ್ತು ಬರುವ ಮೀನುಗಾರ ನೀರಿಗಿಳಿಯುವ ಮುಂಚೆ ತಪ್ಪದೆ ಮಾಡುವ ಕೆಲಸವೊಂದಿದೆ. ಸೊಂಟಕ್ಕೆ ಸಿಕ್ಕಿಸಿದ ಮೊಬೈಲನ್ನು ತೆಗೆದು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎರಡು ಸುತ್ತು ಸುತ್ತಿ, ರಬ್ಬರ್ ಹಾಕಿ, ದಡದಲ್ಲಿ ಕಳಚಿಟ್ಟ ಚಪ್ಪಲಿಯ ಅಡಿಗೆ ತಳ್ಳುತ್ತಾನೆ. ಉಪ್ಪುನೀರು ಒಮ್ಮೆ ಒಳಹೊಕ್ಕರೆ ಫೋನಿನ ಕಥೆ ಮುಗಿದಂತೆಯೇ, ಹಾಗಾಗಿ ಅವನ ಎಚ್ಚರಿಕೆ ತಪ್ಪಲ್ಲ. ಆದರೆ ಸೊಂಟಮಟ್ಟದ ನೀರಿನಲ್ಲಿ ನಿಂತು ಅವನು ಬಲೆ ಬೀಸುವಷ್ಟು ಹೊತ್ತೂ ಅವನಲ್ಲಿರುವ ಒಂದೇ ಒಂದು ಸಂಪರ್ಕ ಸಾಧನ ಹತ್ತಿಪ್ಪತ್ತು ಮಾರು ಆಚೆಯ ಒಣ ಮರಳಿನಲ್ಲಿ ಮಲಗಿರುತ್ತದೆ. ಕಾಲಡಿಯ ಮರಳು ಕುಸಿದರೆ, ಇಳಿತದ ಸೆಳೆತ ಅವನನ್ನು ಕಡಲಿನತ್ತ ಎಳೆದರೆ, ಉಳಿಯುವುದು ಅವನ ಗಂಟಲು ಮಾತ್ರ.

ದಡದಿಂದ ಮೀನು ಹಿಡಿಯುವವರು ಆಪತ್ತಿನ ಹೊತ್ತಿಗೆ ಯಾವ ಸಾಧನ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೆ ಇಂದು ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಪಟ್ಟಿಯ ರೂಪದಲ್ಲಿರುತ್ತದೆ: ಇದರ ಬ್ಯಾಟರಿ ಇಷ್ಟು ಗಂಟೆ, ಅದರ ವ್ಯಾಪ್ತಿ ಇಷ್ಟು ದೂರ, ಮತ್ತೊಂದು ನೀರಿನಲ್ಲಿ ಮುಳುಗಿದರೂ ಕೆಡುವುದಿಲ್ಲ. ಈ ಲೆಕ್ಕಗಳು ಬೇಕು. ಆದರೆ ನಮ್ಮ ಕರಾವಳಿಯಲ್ಲಿ ಮೀನುಗಾರರು ಸಹಾಯಕ್ಕೆ ಕೂಗಿಕೊಂಡ ರೀತಿ ಕಳೆದ ನೂರು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂದು ನೋಡಿದರೆ, ಯಾವುದರಿಂದ ಕೂಗಬೇಕು ಎನ್ನುವುದಕ್ಕಿಂತ ಮೊದಲು ಯಾರು ಕೇಳಿಸಿಕೊಳ್ಳುತ್ತಾರೆ ಎಂದು ಕೇಳಬೇಕಾಗುತ್ತದೆ. ಕೂಗುವ ಸಾಧನಗಳು ಹೆಚ್ಚುತ್ತ ಹೋದ ಅದೇ ಐವತ್ತು ವರ್ಷಗಳಲ್ಲಿ ಕೇಳಿಸಿಕೊಳ್ಳುವ ದಡ ಬರಿದಾಗುತ್ತ ಬಂತು. ಹೊಸ ಸಾಧನಗಳೆಲ್ಲ ದೋಣಿಯನ್ನು ಹಿಂಬಾಲಿಸಿ ಆಳಕಡಲಿಗೆ ಹೋದವು. ದಡದಲ್ಲಿ ನಿಂತವನು ಯಾರ ಲೆಕ್ಕಕ್ಕೂ ಸಿಗದೆ ಉಳಿದ.

ಹಳೆಯ ದಡ ಹೇಗಿತ್ತು ಎಂದು ತಿಳಿಯಲು ರಂಪಣಿಯನ್ನು ನೋಡಬೇಕು. ಕಾರವಾರದಿಂದ ಉಳ್ಳಾಲದವರೆಗಿನ ಸುಮಾರು 300 ಕಿಲೋಮೀಟರ್ ಕರಾವಳಿಯಲ್ಲಿ ಇಪ್ಪತ್ತನೆಯ ಶತಮಾನದ ಮುಕ್ಕಾಲು ಭಾಗ ರಂಪಣಿಯೇ ದೊಡ್ಡ ಮೀನುಗಾರಿಕೆ. ಅದು ದಡದಿಂದ ಎಳೆಯುವ ಬಲೆ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಬಂಗುಡೆ, ಬೂತಾಯಿಯ ಹಿಂಡುಗಳು ದಡದ ಹತ್ತಿರ ಬರುತ್ತಿದ್ದವು. ನೀರಿನ ಬಣ್ಣ ಬದಲಾದದ್ದನ್ನು, ಹಕ್ಕಿಗಳು ಎರಗುವುದನ್ನು ನೋಡಿ ಹಿಂಡು ಎಲ್ಲಿದೆ, ಎತ್ತ ಸಾಗುತ್ತಿದೆ ಎಂದು ಅನುಭವಿಗಳು ಗುರುತಿಸುತ್ತಿದ್ದರು. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲೇ ಬಿಟ್ಟು ದೋಣಿ ಕಡಲಿಗೆ ನುಗ್ಗುತ್ತಿತ್ತು. ಹಿಂಡನ್ನು ಸುತ್ತುವರಿದು, ಅರ್ಧಚಂದ್ರಾಕಾರದಲ್ಲಿ ಬಲೆ ಬಿಡುತ್ತ, ಇನ್ನೊಂದು ತುದಿಯೊಂದಿಗೆ ದೂರದಲ್ಲಿ ಮತ್ತೆ ದಡ ಸೇರುತ್ತಿತ್ತು. ಬಲೆಯ ಉದ್ದ ಒಂದು ಕಿಲೋಮೀಟರಿಗೂ ಮೀರಿದ್ದುಂಟು. ಪಾಲುದಾರರು ತಂತಮ್ಮ ಮನೆಯಿಂದ ತಂದ ತುಂಡುಗಳನ್ನು ಜೋಡಿಸಿ ಹೊಲಿದದ್ದು ಆ ಬಲೆ. ಅದನ್ನು ಎಳೆಯಲು ಎರಡು ಸಾಲಿನಲ್ಲಿ ಹತ್ತಾರು ಜನ ನಿಲ್ಲುತ್ತಿದ್ದರು. ಒಂದು ಸಾಲು ಮುಂದಾಗಿ ಇನ್ನೊಂದು ಹಿಂದಾದರೆ ಬಲೆ ಓರೆಯಾಗಿ ಮೀನು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ದೋಣಿಯವರಿಗೂ ದಡದವರಿಗೂ, ಒಂದು ಸಾಲಿಗೂ ಮತ್ತೊಂದು ಸಾಲಿಗೂ ಮಾತು ನಡೆಯುತ್ತಲೇ ಇರಬೇಕಿತ್ತು. ಕೈಬೀಸು, ತಲೆವಸ್ತ್ರದ ಬೀಸು, ಕೂ ಹಾಕುವುದು, ಹಗ್ಗ ಎಳೆಯುವಾಗಿನ ಲಯದ ಹುಯಿಲು ಎಲ್ಲವೂ ಆ ಮಾತಿನ ಭಾಗವೇ.

ಈ ಮಾತು ಹುಟ್ಟಿದ್ದು ಮೀನು ಹಿಡಿಯಲು, ಜೀವ ಉಳಿಸಲು ಅಲ್ಲ. ಆದರೆ ಅದರಿಂದ ಒಂದು ಸಂಗತಿ ತಾನಾಗಿ ಒದಗಿತ್ತು. ಮೀನುಗಾರಿಕೆಯ ಋತುವಿನಲ್ಲಿ ದಡದಲ್ಲಿ ನೀರಿನತ್ತ ನೆಟ್ಟ ಹತ್ತಾರು ಕಣ್ಣುಗಳಿದ್ದವು. ಮೀನು ಹೊತ್ತು ಮಾರಲು ಬುಟ್ಟಿಯೊಂದಿಗೆ ಕಾದಿರುತ್ತಿದ್ದ ಹೆಂಗಸರು, ಬಲೆ ಒಣಹಾಕುವ ಮುದುಕರು, ಮಕ್ಕಳು, ಎಲ್ಲರ ಮುಖವೂ ಕಡಲಿನ ಕಡೆಗೆ. ಮೊಗವೀರರ, ಖಾರ್ವಿಗಳ, ಹರಿಕಂತ್ರರ ಮನೆಗಳು ಮರಳಿನ ಮೇಲೆಯೇ ಇದ್ದವು. ನೀರಿನಿಂದ ಒಂದು ಕೂಗು ಎದ್ದರೆ ಅದನ್ನು ಕೇಳಿಸಿಕೊಳ್ಳುವ, ಅದರ ಅರ್ಥ ತಿಳಿಯುವ, ಕೂಡಲೇ ದೋಣಿ ತಳ್ಳಬಲ್ಲ ಜನ ಕೂಗಳತೆಯಲ್ಲಿಯೇ ಇದ್ದರು. ಕೂಗಳತೆ ಎಂಬ ಮಾತನ್ನೇ ಗಮನಿಸಿ. ದೂರವನ್ನು ನಮ್ಮ ಭಾಷೆ ಇಲ್ಲಿ ಅಳೆಯುವುದು ಕೂಗಿದವನ ಶಕ್ತಿಯಿಂದಲ್ಲ, ಕೂಗು ಇನ್ನೊಬ್ಬರ ಕಿವಿ ಮುಟ್ಟುವಷ್ಟು ದೂರದಿಂದ. ಸಂಪರ್ಕ ಸಾಧನಗಳ ವ್ಯಾಪ್ತಿಯ ಬಗ್ಗೆ ಇಷ್ಟು ನಿಖರವಾದ ಪದ ಯಾವ ಕೈಪಿಡಿಯಲ್ಲಿಯೂ ಸಿಗಲಾರದು.

ಇದು ಹಳೆಯ ಕಾಲವನ್ನು ಬಂಗಾರವೆಂದು ಕೊಂಡಾಡುವ ಮಾತು ಎಂಬ ಆಕ್ಷೇಪ ಇಲ್ಲಿಯೇ ಏಳುತ್ತದೆ. ಆಕ್ಷೇಪಕ್ಕೆ ಬಲವಿದೆ. ರಂಪಣಿಯ ಕಾಲದಲ್ಲಿಯೂ ಜನ ಮುಳುಗಿ ಸತ್ತರು. ಅಳಿವೆಯಲ್ಲಿ ದೋಣಿ ಮಗುಚುವುದು ಅಪರೂಪವಾಗಿರಲಿಲ್ಲ. ಸತ್ತವರ ಲೆಕ್ಕ ಇಟ್ಟವರೂ ಕಡಿಮೆ. ರಾತ್ರಿಯ ಕೂಗು ಗಾಳಿಯ ಮೊರೆತದಲ್ಲಿ ಕರಗಿಹೋಗುತ್ತಿತ್ತು, ಎದುರುಗಾಳಿಗೆ ಹತ್ತು ಮಾರೂ ದಾಟುತ್ತಿರಲಿಲ್ಲ. ಆದ್ದರಿಂದ ಹಳೆಯ ದಡ ಈಗಿನದಕ್ಕಿಂತ ಸುರಕ್ಷಿತವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟು: ಅಲ್ಲಿ ಕರೆಯುವ ವ್ಯವಸ್ಥೆಯೂ ಕೇಳುವ ವ್ಯವಸ್ಥೆಯೂ ಒಂದೇ ಬಲೆಯ ಎರಡು ತುದಿಗಳಾಗಿದ್ದವು. ಒಂದನ್ನು ಬೆಳೆಸಿ ಇನ್ನೊಂದನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದು ಆಮೇಲಿನ ಇತಿಹಾಸ.

ಕಡಲಿನ ದೊಡ್ಡ ಲೋಕ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿತ್ತು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿ ಆ ಕಾಲದ ಅತ್ಯುತ್ತಮ ವೈರ್‌ಲೆಸ್ ಇತ್ತು. ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನಲ್ಲಿಯೂ ವೈರ್‌ಲೆಸ್ ಇತ್ತು. ಆದರೆ ಅದರ ಒಬ್ಬನೇ ಆಪರೇಟರ್ ದಿನದ ಕೆಲಸ ಮುಗಿಸಿ, ಯಂತ್ರ ನಿಲ್ಲಿಸಿ ಮಲಗಿದ್ದ. ಟೈಟಾನಿಕ್ ಹಾರಿಸಿದ ರಾಕೆಟ್‌ಗಳು ಕ್ಯಾಲಿಫೋರ್ನಿಯನ್‌ನ ಮೇಲಟ್ಟದಲ್ಲಿದ್ದವರ ಕಣ್ಣಿಗೆ ಬಿದ್ದವು, ಆದರೂ ಅವರು ಅವನ್ನು ಆಪತ್ತಿನ ಕರೆ ಎಂದು ತಿಳಿದು ನಡೆದುಕೊಳ್ಳಲಿಲ್ಲ. 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಸಹಿಯಾದ ಮೊದಲ ಸಾಗರ ಸುರಕ್ಷತಾ ಒಪ್ಪಂದ ಹಡಗುಗಳಲ್ಲಿ ವೈರ್‌ಲೆಸ್ ಇರಬೇಕೆಂದು ಹೇಳಿ ಸುಮ್ಮನಾಗಲಿಲ್ಲ. ಅದನ್ನು ಎಚ್ಚರದಿಂದ ಆಲಿಸುವ ಕಾವಲೂ ಇರಬೇಕೆಂದು ವಿಧಿಸಿತು. ಯಂತ್ರದಷ್ಟೇ ಕಿವಿಯೂ ಕಾನೂನಿನ ವಿಷಯವಾದದ್ದು ಆಗ. ಆ ಕಾನೂನು ದೊಡ್ಡ ಹಡಗುಗಳಿಗೆ. ಸಣ್ಣ ದೋಣಿಗೆ ಅದು ಮುಟ್ಟಲಿಲ್ಲ, ದಡಕ್ಕಂತೂ ಮೊದಲೇ ಇಲ್ಲ.

ನಮ್ಮಲ್ಲಿ ತಿರುವು ಬಂದದ್ದು 1970ರ ದಶಕದ ನಡುವೆ. ಟ್ರಾಲರುಗಳು ಅದಕ್ಕೂ ಮುಂಚೆಯೇ ಬಂದಿದ್ದವು, ಆದರೆ ರಂಪಣಿಯ ಬುಡಕ್ಕೆ ಕೊಡಲಿ ಹಾಕಿದ್ದು ಪರ್ಸೀನ್ ಬಲೆ. 1975ರ ಸುಮಾರಿಗೆ ಕರ್ನಾಟಕದಲ್ಲಿ ವಾಣಿಜ್ಯ ಮಟ್ಟದಲ್ಲಿ ಬಂದ ಈ ಬಲೆಯ ದೋಣಿಗಳು ದಡಕ್ಕೆ ಬರುವ ಹಿಂಡನ್ನು ಆಚೆಯೇ ಸುತ್ತುವರಿದು ಹಿಡಿದವು. ರಂಪಣಿಯವರು ಪ್ರತಿಭಟಿಸಿದರು, ಗೋವೆಯಲ್ಲಿ ರಾಂಪೊಣಕಾರರು ಅದೇ ಕಾಲಕ್ಕೆ ಬೀದಿಗಿಳಿದರು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಉಳಿದದ್ದು ಸಣ್ಣ ಕೈರಂಪಣಿ, ಬೀಸುಬಲೆ, ಗಾಳ. ಈ ಬದಲಾವಣೆಯ ಬಗ್ಗೆ ಬರೆದವರು ಮೀನಿನ ಪಾಲು ಯಾರಿಂದ ಯಾರಿಗೆ ಹೋಯಿತು ಎಂದು ಲೆಕ್ಕ ಹಾಕಿದ್ದಾರೆ, ಅದು ಸರಿಯೇ. ಅದರ ಜೊತೆಗೆ ಹೋದ ಇನ್ನೊಂದರ ಲೆಕ್ಕ ಯಾರೂ ಹಾಕಲಿಲ್ಲ: ನೀರನ್ನು ನೋಡುತ್ತ ನಿಲ್ಲುವುದು ಹತ್ತಾರು ಜನರ ದುಡಿಮೆಯಾಗಿದ್ದ ದಡ. ದುಡಿಮೆ ಬಂದರಿಗೆ ಸರಿಯಿತು. ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರದ ಧಕ್ಕೆಗಳು ತುಂಬಿದವು. ಊರೂರಿನ ಮರಳು ಖಾಲಿಯಾಯಿತು. ಕಡಲ್ಕೊರೆತಕ್ಕೆ ಅಡ್ಡಲಾಗಿ ಸುರಿದ ಬಂಡೆಗಲ್ಲಿನ ಗೋಡೆಗಳು ಎಷ್ಟೋ ಕಡೆ ಬಲೆ ಎಳೆಯುವ ಜಾಗವನ್ನೇ ನುಂಗಿದವು. ಅದೇ ಗೋಡೆಗಳ ಮೇಲೆ, ಅಳಿವೆಯ ಬ್ರೇಕ್‌ವಾಟರ್‌ಗಳ ತುದಿಯಲ್ಲಿ, ಪಾಚಿಗಟ್ಟಿದ ಕಾಂಕ್ರೀಟ್ ದಿಮ್ಮಿಗಳ ನಡುವೆ ಈಗ ಗಾಳದವರು ರಾತ್ರಿ ಒಬ್ಬೊಬ್ಬರೇ ಕೂರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಊಟಕ್ಕೆ ಮೀನು ಬರುವುದು ಬಹುಪಾಲು ನಾಡದೋಣಿಯಿಂದ ಮತ್ತು ಈ ದಡದಿಂದಲೇ. ಕಡಲು ಅತಿ ಹೆಚ್ಚು ಕೆರಳಿರುವ ಎರಡು ತಿಂಗಳು ದಡದ ಮೀನುಗಾರಿಕೆಗೆ ಅತಿ ಹೆಚ್ಚು ಬೇಡಿಕೆಯ ಎರಡು ತಿಂಗಳೂ ಹೌದು.

ಈ ಹೊತ್ತಿಗೆ ಸಾಧನಗಳು ಎಲ್ಲಿಗೆ ಹೋದವು? ದೋಣಿಯ ಹಿಂದೆ ಹೋದವು, ಮತ್ತು ಅದಕ್ಕೆ ಒಳ್ಳೆಯ ಕಾರಣವಿತ್ತು. ದಿನಕ್ಕೊಮ್ಮೆ ಮರಳುತ್ತಿದ್ದ ದೋಣಿಗಳು ಹತ್ತು ದಿನ ಕಡಲಲ್ಲೇ ಉಳಿಯತೊಡಗಿದವು. ಭಾರತದ ಕರಾವಳಿ ಕಾವಲು ಪಡೆ 1978ರ ಕಾಯ್ದೆಯಿಂದ ರೂಪುಗೊಂಡು, ಕಡಲಿನಲ್ಲಿ ಹುಡುಕಾಟ ಮತ್ತು ರಕ್ಷಣೆಯ ಹೊಣೆ ಹೊತ್ತಿತು. ಜಗತ್ತಿನ ಮಟ್ಟದಲ್ಲಿ 1982ರಲ್ಲಿ ಸೋವಿಯತ್ ಒಕ್ಕೂಟ ಹಾರಿಸಿದ ಉಪಗ್ರಹದಿಂದ ಕಾಸ್ಪಾಸ್-ಸಾರ್ಸ್ಯಾಟ್ ವ್ಯವಸ್ಥೆ ಶುರುವಾಯಿತು. ಶೀತಲ ಸಮರದ ನಡುವೆಯೂ ಅಮೆರಿಕ ಮತ್ತು ರಷ್ಯನ್ನರು ಆಪತ್ತಿನ ಕರೆಯನ್ನು ಒಟ್ಟಿಗೆ ಆಲಿಸಲು ಒಪ್ಪಿದ್ದು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿಯೇ ಕೆನಡಾದ ಕಾಡಿನಲ್ಲಿ ಬಿದ್ದ ಸಣ್ಣ ವಿಮಾನದವರನ್ನು ಅದು ಪತ್ತೆ ಮಾಡಿಕೊಟ್ಟಿತು. ಭಾರತದಲ್ಲಿ ಇಂಥ ಕರೆಗಳು ಬಂದು ಸೇರುವ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರ್ಯಾಕ್‌ನಲ್ಲಿ. 2010ರಿಂದ ಇಸ್ರೋ ರೂಪಿಸಿದ ಡ್ಯಾಟ್ ಎಂಬ ಆಪತ್ಕರೆ ಪೆಟ್ಟಿಗೆ ಮೀನುಗಾರಿಕಾ ದೋಣಿಗಳಿಗೆ ಸಿಗತೊಡಗಿತು. ಗುಂಡಿ ಒತ್ತಿದರೆ ದೋಣಿಯ ಗುರುತು ಮತ್ತು ಅದು ಇರುವ ಜಾಗ ಉಪಗ್ರಹದ ಮೂಲಕ ಬೆಂಗಳೂರಿಗೆ, ಅಲ್ಲಿಂದ ಕಾವಲು ಪಡೆಯ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ. ದೇಶದಾದ್ಯಂತ 20,000ಕ್ಕೂ ಹೆಚ್ಚು ಪೆಟ್ಟಿಗೆಗಳು ಬಳಕೆಗೆ ಬಂದವು. ಮಲ್ಪೆಯ ದೋಣಿಯೊಂದರ ಕೂಗು ಆಕಾಶಕ್ಕೆ ಹೋಗಿ, ಕಡಲೇ ಕಾಣದ ಬಯಲುಸೀಮೆಯ ಊರಿನಲ್ಲಿ ಇಳಿದು, ಮತ್ತೆ ಕರಾವಳಿಗೆ ಬರುತ್ತದೆ. ಆಳಕಡಲಿನಲ್ಲಿ ಕೂಗಳತೆಯಲ್ಲಿ ಯಾರೂ ಇಲ್ಲದವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

ಆದರೂ ಮೊದಲ ಡ್ಯಾಟ್‌ನಲ್ಲಿ ಒಂದು ಕೊರತೆ ಇತ್ತು, ಮತ್ತು ನನ್ನ ವಾದಕ್ಕೆ ಅದೇ ಮುಖ್ಯ ಸಾಕ್ಷಿ. ಗುಂಡಿ ಒತ್ತಿದವನಿಗೆ ತನ್ನ ಕೂಗು ಯಾರಿಗಾದರೂ ಕೇಳಿಸಿತೇ ಎಂದು ತಿಳಿಯುತ್ತಿರಲಿಲ್ಲ. ಓಗೊಡುವ ದನಿ ಇರಲಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಕೇರಳ, ತಮಿಳುನಾಡಿನ ನೂರಾರು ಮೀನುಗಾರರನ್ನು ಬಲಿ ತೆಗೆದುಕೊಂಡಾಗ ಇದಕ್ಕೆ ತದ್ವಿರುದ್ಧವಾದ ಕೊರತೆ ಬಯಲಾಯಿತು: ದಡದಲ್ಲಿ ಎಚ್ಚರಿಕೆ ಇತ್ತು, ದೂರದ ದೋಣಿಗಳಿಗೆ ಅದನ್ನು ಮುಟ್ಟಿಸುವ ದಾರಿ ಇರಲಿಲ್ಲ. ಆ ಕೊರತೆ ತುಂಬಲು 2019ರ ಅಕ್ಟೋಬರ್‌ನಲ್ಲಿ ಜೆಮಿನಿ ಎಂಬ ಸಾಧನ ಬಂತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಹವಾಮಾನ ಎಚ್ಚರಿಕೆ ಉಪಗ್ರಹದ ಮೂಲಕ ಅದಕ್ಕೆ ಬಂದು, ಅಲ್ಲಿಂದ ಬ್ಲೂಟೂತ್‌ನಲ್ಲಿ ಮೊಬೈಲ್ ಪರದೆಗೆ ಇಳಿಯುತ್ತದೆ. ಆದರೆ ಜೆಮಿನಿ ಕೇಳಿಸಿಕೊಳ್ಳಬಲ್ಲದು, ಮಾತಾಡಲಾರದು. ಒಂದು ಪೆಟ್ಟಿಗೆಗೆ ಬಾಯಿ ಇತ್ತು, ಕಿವಿ ಇರಲಿಲ್ಲ. ಇನ್ನೊಂದಕ್ಕೆ ಕಿವಿ ಇತ್ತು, ಬಾಯಿ ಇರಲಿಲ್ಲ. 2024ರ ಜನವರಿಯಲ್ಲಿ ಇಸ್ರೋ ಎರಡನೆಯ ತಲೆಮಾರಿನ ಡ್ಯಾಟ್ ಹೊರತಂದಾಗ ಅದರಲ್ಲಿ ಸೇರಿಸಿದ ದೊಡ್ಡ ಗುಣ, ಕರೆ ಮುಟ್ಟಿತು ಎಂದು ಕೇಂದ್ರದಿಂದ ಬರುವ ಮರುಸಂದೇಶ. ಹದಿನಾಲ್ಕು ವರ್ಷಗಳ ಬಳಕೆಯ ನಂತರ ಎಂಜಿನಿಯರುಗಳು ಮುಟ್ಟಿದ ನಿಲುವು ರಂಪಣಿಯ ದಡಕ್ಕೆ ಮೊದಲೇ ಗೊತ್ತಿತ್ತು. ಓಗೊಟ್ಟಾಗಲೇ ಕೂಗು ಪೂರ್ಣವಾಗುತ್ತದೆ, ನೀರಿನಲ್ಲಿರುವವನಿಗೆ ಇನ್ನೂ ಸ್ವಲ್ಪ ಹೊತ್ತು ತಾಳಿಕೊಳ್ಳುವ ಬಲ ಬರುವುದೂ ಆಗಲೇ.

ಈ ನಡುವೆ ಕಡಲಿನ ಸಾಧನಗಳ ಮೇಲೆ ಬೇರೊಂದು ನೆರಳೂ ಬಿತ್ತು. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಕುಬೇರ್ ಎಂಬ ಮೀನುಗಾರಿಕಾ ದೋಣಿಯನ್ನು ವಶಪಡಿಸಿಕೊಂಡು ಬಂದಿದ್ದರು. ಆಮೇಲೆ ಮೀನುಗಾರರಿಗೆ ಗುರುತಿನ ಚೀಟಿ, ದೋಣಿಗಳಿಗೆ ಬಣ್ಣದ ನಿಯಮ, ಕರಾವಳಿ ಕಾವಲು ಪೊಲೀಸ್ ಠಾಣೆಗಳ ವಿಸ್ತರಣೆ ಎಲ್ಲ ನಡೆಯಿತು. ಥುರಾಯ, ಇರಿಡಿಯಂ ಉಪಗ್ರಹ ಫೋನುಗಳನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಕೈಸಾಧನಗಳಿಗೂ ಅನುಮತಿಯ ಕಟ್ಟುಪಾಡಿದೆ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ಅಂಥದೊಂದನ್ನು ತರಿಸಿಕೊಳ್ಳುವ ಮುಂಚೆ ಗಾಳದ ಹವ್ಯಾಸಿಗಳು ಇದನ್ನು ತಿಳಿದಿರಬೇಕು. ಇದಕ್ಕಿಂತ ಮುಖ್ಯವಾದ ಮಾತು, ಈ ಎಲ್ಲ ದಾಖಲಾತಿಯೂ ದೋಣಿಯನ್ನು ಆಧರಿಸಿದ್ದು. ಕರ್ನಾಟಕದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಕಣ್ಣು ಇರುವುದೂ ದೋಣಿಯ ಮೇಲೆಯೇ. ಬೀಸುಬಲೆಯವನಿಗೆ ದೋಣಿ ಇಲ್ಲ. ಆದ್ದರಿಂದ ಡ್ಯಾಟ್ ಇಲ್ಲ. ಹೊರಟ ಹೊತ್ತು, ಮರಳಬೇಕಾದ ಹೊತ್ತು ಬರೆದಿಡುವ ಪುಸ್ತಕವೂ ಇಲ್ಲ.

ದೋಣಿ ಇದ್ದವರ ಪಾಡೂ ಹಗುರವಲ್ಲ ಎಂದು ಒಪ್ಪಲೇಬೇಕು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಜನರೊಂದಿಗೆ ಸಂಪರ್ಕ ಕಡಿದುಕೊಂಡಿತು. ಮಹಾರಾಷ್ಟ್ರದ ಮಾಲ್ವಣ್ ಆಚೆ ಕಡಲ ತಳದಲ್ಲಿ ನೌಕಾಪಡೆ ಅದರ ಅವಶೇಷ ಪತ್ತೆ ಹಚ್ಚಿದ್ದು 2019ರ ಮೇ ತಿಂಗಳಲ್ಲಿ. ಆ ನಾಲ್ಕೂವರೆ ತಿಂಗಳು ಮನೆಯವರು ಕಾದರು. ಕರಾವಳಿ ಅದನ್ನು ಇನ್ನೂ ಮರೆತಿಲ್ಲ.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ಮೊಬೈಲ್ ಬಂದ ಮೇಲೆ ಈ ಚರ್ಚೆಯೇ ಅನಗತ್ಯವಲ್ಲವೇ? ದಡದಲ್ಲಿ ನಿಂತವನಿಗೆ ಟವರ್ ಹತ್ತಿರದಲ್ಲೇ ಇದೆ, ಉಪಗ್ರಹವೂ ಬೇಡ, ಊರಿನ ಕಿವಿಯೂ ಬೇಡ. ಮೊಬೈಲ್ ಮೀನುಗಾರರ ಬದುಕನ್ನು ಬದಲಿಸಿತು ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಸಾಕ್ಷಿ ಇದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೇರಳದ ಬೂತಾಯಿ ಮಾರುಕಟ್ಟೆಗಳನ್ನು ಕುರಿತದ್ದು. 1997ರಿಂದ ಮೊಬೈಲ್ ಟವರುಗಳು ದಕ್ಷಿಣದಿಂದ ಉತ್ತರಕ್ಕೆ ಸಾಗಿ, ಕನ್ನಡ ತುಳು ಮಾತಾಡುವವರೂ ಇರುವ ಕಾಸರಗೋಡನ್ನು ಕೊನೆಗೆ ಮುಟ್ಟಿದವು. ಟವರ್ ಬಂದ ಕಡೆಯೆಲ್ಲ ದೋಣಿಯವರು ಕಡಲಿನಿಂದಲೇ ದರ ವಿಚಾರಿಸಿ ಸರಿಯಾದ ಧಕ್ಕೆಗೆ ಹೋಗತೊಡಗಿದರು. ಊರಿಂದೂರಿಗೆ ಇದ್ದ ದರದ ಅಂತರ ಕುಗ್ಗಿತು, ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದು ನಿಂತಂತಾಯಿತು. ಆದರೆ ಆ ಅಧ್ಯಯನವನ್ನು ಗಮನಿಸಿ ಓದಿದರೆ ಅಲ್ಲಿ ಕೆಲಸ ಮಾಡಿದ್ದು ಫೋನು ಒಂದೇ ಅಲ್ಲ ಎಂದು ಕಾಣುತ್ತದೆ. ಪ್ರತಿ ಧಕ್ಕೆಯಲ್ಲಿಯೂ ಆ ಕರೆಗಾಗಿಯೇ ಕಾದು ಕುಳಿತ ಕೊಳ್ಳುವವರಿದ್ದರು. ಉತ್ತರ ಕೊಡುವುದರಲ್ಲಿ ಅವರ ಲಾಭವಿತ್ತು. ಮೀನಿನ ದರಕ್ಕೆ ಸಿಕ್ಕ ಕಿವಿ ಮುಳುಗುವವನ ಕೂಗಿಗೂ ತಾನಾಗಿ ಸಿಗುತ್ತದೆ ಎಂದುಕೊಳ್ಳುವಂತಿಲ್ಲ.

ಫೋನಿಗೆ ತನ್ನದೇ ಮಿತಿಗಳೂ ಇವೆ. ಉಪ್ಪುನೀರು ಮೆತ್ತಿದ ಬೆರಳು ಟಚ್ ಪರದೆಯ ಮೇಲೆ ಒಂದು ಒತ್ತಿದರೆ ಇನ್ನೊಂದು ತೆರೆಯುತ್ತದೆ, ಅಥವಾ ಏನೂ ಆಗುವುದಿಲ್ಲ. ನೀರಿನಡಿಯಿಂದ ಅದರ ತರಂಗ ಹೊರಡುವುದೇ ಇಲ್ಲ. ಇವೆಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ. ಗಂಟಲಿನ ಕೂಗು ಹತ್ತಿರವಿದ್ದ ಎಲ್ಲರನ್ನೂ ಕರೆಯುತ್ತದೆ, ಫೋನಿನ ಕರೆ ಒಬ್ಬರನ್ನು ಕರೆಯುತ್ತದೆ, ಆ ಒಬ್ಬರು ಹತ್ತಿರ ಇರಬೇಕೆಂದೇನೂ ಇಲ್ಲ. ಬ್ರೇಕ್‌ವಾಟರಿನಿಂದ ಜಾರಿ ಬಿದ್ದವನ ಕೈಯಲ್ಲಿ ಇರುವುದು ನಿಮಿಷಗಳು. ತೆರೆಯ ಹೊಡೆತಕ್ಕೆ ಸಿಕ್ಕವನನ್ನು ಉಳಿಸಬಲ್ಲವರು ನೂರು ಇನ್ನೂರು ಮಾರಿನೊಳಗೆ ಇರುವವರು ಮಾತ್ರ. ಜಗತ್ತಿನ ಅತ್ಯುತ್ತಮ ವೈಯಕ್ತಿಕ ಬೀಕನ್ ಕೂಡ ಈ ಲೆಕ್ಕವನ್ನು ತಪ್ಪಿಸಲಾರದು. 406 ಮೆಗಾಹರ್ಟ್ಸ್‌ನಲ್ಲಿ ಕೂಗುವ ಆ ಅಂಗೈಯಗಲದ ಸಾಧನ ಇಡೀ ಒಂದು ದಿನ ಉಪಗ್ರಹವನ್ನು ಕರೆಯುತ್ತಲೇ ಇರುತ್ತದೆ. ತೇಲುತ್ತ ದೂರ ಸಾಗಿದವನಿಗೆ, ಜನವಿಲ್ಲದ ಬಂಡೆಯ ಮೇಲೆ ಕಾಲು ಮುರಿದುಕೊಂಡವನಿಗೆ ಅದು ಸಂಜೀವಿನಿ. ಆದರೆ ಕರೆ ಉಪಗ್ರಹ ಹತ್ತಿ, ಭೂಕೇಂದ್ರಕ್ಕೆ ಇಳಿದು, ರಕ್ಷಣಾ ಕೇಂದ್ರ ಮುಟ್ಟಿ, ದೋಣಿ ಹೊರಡುವಷ್ಟರಲ್ಲಿ ತೆರೆಯೊಳಗಿನವನ ನಿಮಿಷಗಳು ಮುಗಿದಿರುತ್ತವೆ. ಎಲ್ಲರಿಗೂ ಬೀಕನ್ ಕೊಟ್ಟರೆ ಸಾಕು ಎನ್ನುವವರಿಗೆ ಉತ್ತರ ಇದರಲ್ಲಿಯೇ ಇದೆ.

ದಡದ ಅಪಾಯವೇ ಬೇರೆ ಜಾತಿಯದು ಎಂಬುದಕ್ಕೆ ಕಳ್ಳಕ್ಕಡಲ್ ಒಳ್ಳೆಯ ಉದಾಹರಣೆ. ಮಲಯಾಳಿ ಮೀನುಗಾರರು ಕೊಟ್ಟ ಈ ಹೆಸರನ್ನೇ ವಿಜ್ಞಾನಿಗಳೂ ಒಪ್ಪಿಕೊಂಡಿದ್ದಾರೆ: ಕಳ್ಳನಂತೆ ಬರುವ ಕಡಲು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಉಬ್ಬರದ ತೆರೆಗಳು ದಿನಗಟ್ಟಲೆ ಸಾಗಿ ಬಂದು, ಗಾಳಿಯಿಲ್ಲದ, ಬಿಸಿಲಿರುವ ದಿನ ನಮ್ಮ ದಡಕ್ಕೆ ಅಪ್ಪಳಿಸುತ್ತವೆ. ಆಳನೀರಿನಲ್ಲಿರುವ ದೋಣಿಯನ್ನು ಅವು ಮೆಲ್ಲನೆ ಎತ್ತಿ ಇಳಿಸಿ ಹೋಗುತ್ತವೆ. ಪೆಟ್ಟು ಬೀಳುವುದು ದಡದಲ್ಲಿ ನಿಂತವನಿಗೆ, ಬಂಡೆಯ ಮೇಲೆ ಕುಳಿತ ಗಾಳದವನಿಗೆ. ಇನ್‌ಕಾಯಿಸ್ ಈಗ ಕೇರಳ, ಕರ್ನಾಟಕದ ಕರಾವಳಿಗೂ ಇದರ ಮುನ್ಸೂಚನೆ ಕೊಡುತ್ತದೆ. ಕೊಟ್ಟ ಮುನ್ಸೂಚನೆ ಬ್ರೇಕ್‌ವಾಟರಿನ ತುದಿಯಲ್ಲಿ ಕೂತವನನ್ನು ಮುಟ್ಟುವುದು ಹೇಗೆ ಎಂಬುದು ಉಳಿದ ಪ್ರಶ್ನೆ.

ಆ ಪ್ರಶ್ನೆಗೆ ಪೂರ್ವ ಕರಾವಳಿಯ ಒಂದು ಹಳ್ಳಿಯಲ್ಲಿ ಉತ್ತರ ಸಿಕ್ಕಿತ್ತು. ಪುದುಚೇರಿಯ ಮೀನುಗಾರರ ಊರುಗಳಲ್ಲಿ ಎಂ. ಎಸ್. ಸ್ವಾಮಿನಾಥನ್ ಪ್ರತಿಷ್ಠಾನ 1998ರಿಂದ ಜ್ಞಾನಕೇಂದ್ರಗಳನ್ನು ತೆರೆದಿತ್ತು. ಇಂಟರ್ನೆಟ್‌ನಿಂದ ತೆರೆಗಳ ಎತ್ತರದ ಮುನ್ಸೂಚನೆ ತೆಗೆದು, ಊರಿನ ಧ್ವನಿವರ್ಧಕದಲ್ಲಿ ದಿನವೂ ಓದಿ ಹೇಳುವುದು ಅವುಗಳ ಕೆಲಸಗಳಲ್ಲೊಂದು. 2004ರ ಡಿಸೆಂಬರ್ 26ರ ಬೆಳಗ್ಗೆ ಸುನಾಮಿಯ ಸುದ್ದಿ ಸಿಂಗಾಪುರದ ಟಿವಿಯಲ್ಲಿ ಕಂಡ ನಲ್ಲವಾಡು ಗ್ರಾಮದ ಯುವಕನೊಬ್ಬ ಊರಿಗೆ ಫೋನು ಮಾಡಿದ. ಊರವರು ಜ್ಞಾನಕೇಂದ್ರದ ಧ್ವನಿವರ್ಧಕದಲ್ಲಿ ಕೂಗಿ ಹೇಳಿದರು. ನೀರು ಬರುವಷ್ಟರಲ್ಲಿ ಸುಮಾರು 3,600 ಜನ ಮನೆ ಬಿಟ್ಟು ಓಡಿದ್ದರು. ಮನೆಗಳು, ದೋಣಿಗಳು ಕೊಚ್ಚಿಹೋದವು, ಜೀವಗಳು ಉಳಿದವು. ಫೋನು ಆ ದಿನ ಒಬ್ಬರ ಕಿವಿಗೆ ತಂದದ್ದನ್ನು ಧ್ವನಿವರ್ಧಕ ಊರಿನ ಕಿವಿಗೆ ಹಂಚಿತು. ಆ ದನಿ ದಿನವೂ ಕೇಳಿ ಪರಿಚಿತವಾಗಿದ್ದರಿಂದ ಜನ ಅದನ್ನು ನಂಬಿದರು ಎಂಬುದು ನನ್ನ ಓದು.

ಇಷ್ಟನ್ನು ಮುಂದಿಟ್ಟುಕೊಂಡು ಸಾಧನ ಆರಿಸಲು ಕೂತರೆ ಪಟ್ಟಿಯ ಕ್ರಮವೇ ತಿರುವುಮುರುವಾಗುತ್ತದೆ. ಮೊದಲು ಬರುವುದು ಹತ್ತಿರದ ಕಿವಿಯನ್ನು ಮುಟ್ಟುವ ಸಾಧನ, ಅಂದರೆ ಒಳಗೆ ಗುಂಡಿಲ್ಲದ, ನೀರು ಹೊಕ್ಕರೂ ಊದುವ ಒಂದು ಪ್ಲಾಸ್ಟಿಕ್ ಸೀಟಿ. ಹಡಗಿನ ಜೀವರಕ್ಷಕ ಅಂಗಿಗೆ ಸೀಟಿ ಕಟ್ಟಿರುವುದು ಅಂದಕ್ಕಲ್ಲ. ಗಂಟಲು ಒಡೆದು ದನಿ ಹೋದ ಮೇಲೂ ಉಸಿರಿದ್ದರೆ ಸೀಟಿ ಕೂಗುತ್ತದೆ, ಮತ್ತು ಅದರ ಕೀರಲು ದನಿ ತೆರೆಯ ಮೊರೆತವನ್ನು ಸೀಳಿಕೊಂಡು ಹೋಗುತ್ತದೆ. ಅದು ಕುತ್ತಿಗೆಯಲ್ಲಿರಬೇಕು, ಚೀಲದಲ್ಲಲ್ಲ. ಎರಡನೆಯದು ಫೋನು, ಆದರೆ ಚಪ್ಪಲಿಯಡಿಯಲ್ಲಲ್ಲ: ಗಾಳಿ ತುಂಬಿ ತೇಲುವ ಜಲನಿರೋಧಕ ಚೀಲದಲ್ಲಿ, ಎದೆಗೆ ಕಟ್ಟಿಕೊಂಡು. ಕೀಪ್ಯಾಡ್ ಫೋನಿಗೆ ಇಲ್ಲಿ ಮೇಲುಗೈ. 2017ರಿಂದ ಭಾರತದಲ್ಲಿ ಮಾರುವ ಫೋನುಗಳಿಗೆ ಆಪತ್ತಿನ ಗುಂಡಿ ಕಡ್ಡಾಯವಾಗಿರುವುದರಿಂದ, ಅಂಥ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುತ್ತದೆ. ಒದ್ದೆ ಹೆಬ್ಬೆರಳಿಗೂ ಇದು ಸಾಧ್ಯ. 112, ಕರಾವಳಿ ಕಾವಲು ಪೊಲೀಸರ 1093, ಕಾವಲು ಪಡೆಯ 1554, ಈ ಮೂರು ಸಂಖ್ಯೆಗಳು ಬಾಯಿಪಾಠವಾಗಿರಬೇಕು. ವಿಎಚ್‌ಎಫ್ ರೇಡಿಯೊದ ಕೈಸೆಟ್ಟು ದಡದವನಿಗೆ ಅಷ್ಟು ಉಪಯೋಗಕ್ಕೆ ಬಾರದು. ಅದು ನೇರ ದೃಷ್ಟಿಯ ಸಾಧನ, ನೀರಿನಿಂದ ಎರಡು ಮೀಟರ್ ಎತ್ತರದಲ್ಲಿ ಹಿಡಿದರೆ ಅದರ ದಿಗಂತ ಸುಮಾರು 6 ಕಿಲೋಮೀಟರ್. ಅದಕ್ಕೆ ಪರವಾನಗಿಯೂ ಬೇಕು, ಆಪತ್ತಿನ ಕರೆಯ ಚಾನೆಲ್ 16ನ್ನು ಆಲಿಸುವವರು ಹತ್ತಿರದಲ್ಲಿರಲೂ ಬೇಕು.

ಬಡ ಮೀನುಗಾರನಿಗೆ ಸೀಟಿ ತೋರಿಸಿ ಸಮಾಧಾನ ಹೇಳುವುದು ಅನ್ಯಾಯ, ಸರ್ಕಾರ ತನ್ನ ಹೊಣೆ ತಪ್ಪಿಸಿಕೊಳ್ಳಲು ಇದೊಂದು ನೆಪವಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಆತಂಕ ನನ್ನದೂ ಹೌದು. ಸೀಟಿ ಊದಿದಾಗ ಕೇಳಿಸಿಕೊಳ್ಳಲು ಯಾರೂ ಇಲ್ಲದಿದ್ದರೆ ಅದು ಅರಣ್ಯರೋದನವೇ. ಆದ್ದರಿಂದಲೇ ಹಣ ಸುರಿಯಬೇಕಾದದ್ದು ಕೇಳುವ ಕಡೆಗೆ. ಮೀನುಗಾರಿಕೆ ನಡೆಯುವ ಪ್ರತಿ ಅಳಿವೆಯಲ್ಲಿ, ಬ್ರೇಕ್‌ವಾಟರಿನ ಬುಡದಲ್ಲಿ, ಮಳೆಗಾಲದ ಎರಡು ತಿಂಗಳಾದರೂ ಊರಿನವರೇ ಆದ ಸಂಬಳದ ಕಾವಲುಗಾರರು, ಹಗ್ಗ, ತೇಲುಬಳೆ, ಒಂದು ಸಣ್ಣ ದೋಣಿ ಇರಬೇಕು. ಕಾವಲು ಪಡೆಯ ಹಡಗಿಗಿಂತ ಮುಂಚೆ ನೀರಿಗೆ ಧುಮುಕುವವರು ಇಂದಿಗೂ ಊರಿನ ಈಜುಗಾರರೇ. ಅವರನ್ನು ಸನ್ಮಾನದ ಶಾಲಿಗೆ ಸೀಮಿತಗೊಳಿಸದೆ ಕೆಲಸಕ್ಕೆ ತೆಗೆದುಕೊಳ್ಳಬೇಕು.

ಇದಕ್ಕೆ ಬೇಕಾದ ಅರ್ಧ ಸಲಕರಣೆ ಕರಾವಳಿಯಲ್ಲಿ ಈಗಾಗಲೇ ಇದೆ. ಮೊಗವೀರರ ಊರುಗಳಲ್ಲಿ ಕಡಲಿಗೆ ಹತ್ತಿರದಲ್ಲಿಯೇ ಭಜನಾ ಮಂದಿರವಿರುತ್ತದೆ, ಅದರ ಕಂಬಕ್ಕೆ ಧ್ವನಿವರ್ಧಕ. ಶನಿವಾರದ ಭಜನೆಗೆ, ನೂಲಹುಣ್ಣಿಮೆಯಂದು ಕಡಲಿಗೆ ಹಾಲು ತೆಂಗಿನಕಾಯಿ ಅರ್ಪಿಸುವ ದಿನ, ಅದರ ದನಿ ದಡದುದ್ದಕ್ಕೂ ಕೇಳುತ್ತದೆ. ಅದೇ ಧ್ವನಿವರ್ಧಕದಲ್ಲಿ ಪ್ರತಿದಿನ ಬೆಳಗ್ಗೆ ಐದಕ್ಕೆ ಆ ದಿನದ ತೆರೆಯ ಎತ್ತರವನ್ನು ಓದಿ ಹೇಳಲು ಬೇಕಾದದ್ದು ಒಂದು ಮೊಬೈಲು, ಓದುವ ಒಬ್ಬರು. ಬೀಸುಬಲೆಯವನ ಹಿಂದೆ ಮೀನು ಹೆಕ್ಕಿ ಹಾಕಲು ಬುಟ್ಟಿ ಹಿಡಿದು ಒಬ್ಬ ಹುಡುಗ ನಡೆಯುತ್ತಿದ್ದದ್ದು ತೀರ ಹಳೆಯ ಕಾಲದ ಮಾತೇನಲ್ಲ. ಅವನು ಈಗ ಶಾಲೆಯಲ್ಲಿದ್ದಾನೆ, ಇರಬೇಕಾದದ್ದೂ ಅಲ್ಲಿಯೇ. ಅವನು ನಿಲ್ಲುತ್ತಿದ್ದ ಜಾಗ ಮಾತ್ರ, ನೀರಿಗೆ ಹತ್ತು ಮಾರು ಈಚೆ, ಚಪ್ಪಲಿಯ ಪಕ್ಕದಲ್ಲಿ, ಖಾಲಿ ಇದೆ.